ಒಂಬತ್ತನೇ ತಾರೀಖಿನ ಕಾಗದ

ಬಾಣಾವರ
4-7-1996, ಗುರುವಾರ

ರತ್ನಪ್ರಭಾ,

ಅರಸೀಕೆರೆಯ ಡಾಕ್ಟರಮ್ಮ ನನ್ನ ಕಾಲನ್ನು ಬೆರಳಿನಿಂದ ಒತ್ತಿ ನೋಡಿದರು. ಒತ್ತಿದ ಗುಳಿ ಹಾಗೇ ಉಳಿದಿದ್ದು ಕಂಡು ಮುಖ ಸಪ್ಪಗೆ ಮಾಡಿದರು. ಬಿ.ಪಿ. ಜಾಸ್ತಿಯಂತೆ. ಹೆರಿಗೆಯವರೆಗೆ ಬಸ್ಸು ಹತ್ತಬಾರದು, ಭಾರ ಎತ್ತಬಾರದು, ಮಕ್ಕಳ ಮೇಲೆ ರೇಗಬಾರದು ಅಂದಿದ್ದಾರೆ. ಸ್ಕೂಲಿಗೆ ರಜೆ ಹಾಕಿದ್ದೇನೆ. ಆದರೂ ಪಕ್ಕದ ಮನೆಯ ಮಕ್ಕಳು ಬೈಸಿಕೊಳ್ಳಲಿಕ್ಕೆಂದೇ ಮಗ್ಗಿ ಪುಸ್ತಕ ಹಿಡಿದು ಬರುತ್ತವೆ, ಏನು ಮಾಡಲಿ.

ನಗಿಸುತ್ತಿದ್ದೇನೆ ಅಂದುಕೊಳ್ಳಬೇಡ, ನಿಜವಾಗಿ ಭಯವಾಗಿದೆ. ಹೋದ ಸಲ ಎಂಟನೇ ತಿಂಗಳಲ್ಲೇ ಮಗು ಹೋಯಿತಲ್ಲ. ಇವರು ರೈಲ್ವೆ ಸ್ಟೇಷನ್ನಿನಲ್ಲಿ ಡ್ಯೂಟಿ ಮುಗಿಸಿ ಬರುವವರೆಗೆ ಮಲಗಿಕೊಂಡು ಹೊಟ್ಟೆಯ ಮೇಲೆ ಕೈಯಿಟ್ಟು, ಒದೆಯಿತೋ ಇಲ್ಲವೋ ಎಂದು ಕಾಯುವುದೇ ನನ್ನ ಕೆಲಸ.

ನಿನ್ನಿಂದ ಒಂದು ಉಪಕಾರ ಆಗಬೇಕು. ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತವಳು ನಮ್ಮ ಬಸದಿಕೊಪ್ಪಲಿಗೇ ಸೊಸೆಯಾಗಿ ಬಂದೆ, ನಾನು ಆ ಊರು ಬಿಟ್ಟು ಬಂದೆ. ಈಗ ನನ್ನ ಕಣ್ಣು ನೀನೇ. ಅಪ್ಪ ಅಮ್ಮ ಹೇಗಿದ್ದಾರೆಂದು ವಾರಕ್ಕೊಂದು ಸಾಲು ಬರೆ. ನೀನು ಕಾಲೊನಿಯ ಒಳಗೆ ಬರುವುದಿಲ್ಲ ಎಂದು ಗೊತ್ತು, ಬರಬೇಕಾಗಿಯೂ ಇಲ್ಲ. ಅಪ್ಪ ಹೇಗೂ ದಿನಾ ಬಾವಿಯ ಹತ್ತಿರ ಬರುತ್ತಾನೆ. ಅವನು ನೀರುಗಂಟಿಯಾಗಿ ಹದಿನಾಲ್ಕು ವರ್ಷ ಆಯಿತು. ಮೋಟಾರು ಹಾಕಿ ಕಾಲೊನಿಯ ಟ್ಯಾಂಕಿಗೆ ನೀರು ಹತ್ತಿಸುವುದು, ಮಂಗಳವಾರ ಬ್ಲೀಚಿಂಗ್ ಪೌಡರ್ ಹಾಕುವುದು, ಇಷ್ಟಕ್ಕೇ ಜಿಲ್ಲಾಧಿಕಾರಿಯ ಹಾಗೆ ಓಡಾಡುತ್ತಾನೆ. ಒಂದೇ ಬಾವಿ, ನಮಗೆ ಪೈಪು, ನಿಮ್ಮ ಮನೆಗೆ ಮಾತ್ರ ಹಗ್ಗ ಬಿಂದಿಗೆ. ನೀನು ಹೇಗೂ ಅಲ್ಲಿರುತ್ತೀಯ. ಅವನ ಕೆಮ್ಮು ಹೇಗಿದೆ ನೋಡಿ ತಿಳಿಸು.

ಯಶೋಧರಾ


ಬಸದಿಕೊಪ್ಪಲು, ಹಳೇಬೀಡು ಹೋಬಳಿ
9-7-1996, ಮಂಗಳವಾರ

ಯಶೋ,

ನಿನ್ನ ಕಾಗದ ಬಂದಿತು. ನಾನು ಇಂದಿನಿಂದ ಮೂರು ದಿನ ಮೌನದಲ್ಲಿದ್ದೇನೆ, ಉಪವಾಸವೂ ಇದೆ. ಮೌನ ಬಾಯಿಗೆ ಮಾತ್ರ, ಪೆನ್ನಿಗಲ್ಲ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡು ಬರೆಯುತ್ತಿದ್ದೇನೆ.

ಏಕೆಂದು ಹೇಳಿದರೆ ನೀನು ನಗುತ್ತೀ. ನಮ್ಮಲ್ಲಿ ನೀರು ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದ ಹುಳುಹುಪ್ಪಟೆಗಳನ್ನು ಯಾವ ಬಾವಿಯ ನೀರೋ ಅದೇ ಬಾವಿಗೆ ವಾಪಸ್ಸು ಬಿಡಬೇಕು. ನಲ್ಲಿಯ ನೀರನ್ನು ನಾವು ಮುಟ್ಟದಿರುವುದು ಅದಕ್ಕೇ, ಪೈಪಿನಲ್ಲಿ ಬಂದ ಜೀವವನ್ನು ಎಲ್ಲಿಗೆ ತಿರುಗಿ ಬಿಡುವುದು? ನಿನ್ನೆ ಸಂಜೆ ಹಳೆಯ ಬಟ್ಟೆ ಹರಿಯಿತೆಂದು ಹೊಸದು ತೆಗೆದೆ. ಅದರ ಗಂಜಿ ಹೋಗುವವರೆಗೆ ಏಳು ಸಲ ಒಗೆಯಬೇಕಿತ್ತು, ನಾನು ಎರಡೇ ಸಲ ಒಗೆದಿದ್ದೆ. ಇವತ್ತು ಬೆಳಿಗ್ಗೆ ಸೋಸಿ ನೋಡಿದರೆ ಬಟ್ಟೆಯಲ್ಲಿ ಒಂದೂ ಮಿಸುಕುತ್ತಿಲ್ಲ. ದಿನಾ ಆ ಕೆಂಪು ಎಳೆಯಂಥ ಹುಳುಗಳು ಕೊಂಕಿ ಕೊಂಕಿ ಆಡುತ್ತವೆ, ಅವನ್ನು ನೋಡದೆ ನನಗೆ ಬೆಳಗಾಗುವುದಿಲ್ಲ. ಎಲ್ಲ ಸತ್ತಿದ್ದವು. ನನ್ನ ಸೋಮಾರಿತನಕ್ಕೆ ಅಷ್ಟು ಜೀವ ಹೋಯಿತು.

ಅತ್ತೆ ಬಿಂದಿಗೆಯ ನೀರನ್ನೆಲ್ಲ ಚೆಲ್ಲಿಸಿದರು. ಪ್ರಾಯಶ್ಚಿತ್ತ ಮುಗಿಯುವವರೆಗೆ ಆ ಬಾವಿಯ ತಂಟೆಗೆ ಹೋಗಬೇಡ, ಬಸದಿಯ ಬಾವಿಯಿಂದ ತರೋಣ ಅಂದರು. ಮನೆಯ ಹೆಸರು ಕೆಡುತ್ತದೆ, ಹೊರಗೆ ಯಾರಿಗೂ ಹೇಳಬೇಡ ಎಂದೂ ಅಂದರು. ನಿನಗೆ ಹೇಳಿದರೆ ಹೊರಗಿನವರಿಗೆ ಹೇಳಿದ ಹಾಗಲ್ಲ.

ನಿಮ್ಮಪ್ಪನನ್ನು ಬೆಳಿಗ್ಗೆ ನೀರು ಸೇದುವಾಗ ನೋಡಿದೆ. ಹೊಸ ಚೀಲ ಬಿಚ್ಚಿ ಪುಡಿ ಅಳೆಯುತ್ತಿದ್ದರು, ಕೆಮ್ಮಲಿಲ್ಲ. ನಿನ್ನೆ ಮಧ್ಯಾಹ್ನ ಒಮ್ಮೆ ನೀರಿಗೆ ಹೋಗಿದ್ದೆ, ಅವರು ಇರಲಿಲ್ಲ. ಆಲೂಗಡ್ಡೆ ಮರಿಯಣ್ಣ ಮತ್ತು ಅವನ ಆಳುಗಳು ಕಟ್ಟೆಯ ಮೇಲೆ ಇದ್ದರು. ಗಂಡಸರಿದ್ದಾರೆಂದು ಅರ್ಧ ಗಂಟೆ ಬೇಲಿಯ ಹಿಂದೆ ನಿಂತಿದ್ದು, ಅವರು ಹೋದ ಮೇಲೆ ಒಗೆಯಲು ನೀರು ಸೇದಿಕೊಂಡು ಬಂದೆ.

ನೀನು ಧೈರ್ಯವಾಗಿರು. ಈ ಉಪವಾಸದ ಪುಣ್ಯದಲ್ಲಿ ಅರ್ಧ ನಿನ್ನ ಮಗುವಿಗೆ.

ರತ್ನ


ಬಾಣಾವರ
13-7-1996, ಶನಿವಾರ

ರತ್ನ,

ನಿನ್ನ ಕಾಗದ ಓದಿ ಇವರಿಗೂ ಓದಿ ಹೇಳಿದೆ. ಇಬ್ಬರೂ ನಕ್ಕೆವು, ಆಮೇಲೆ ನಗಬಾರದಿತ್ತು ಅನ್ನಿಸಿತು. ನಾವೂ ಮನೆಯಲ್ಲಿ ಬುದ್ಧನ ಪಂಚಶೀಲ ಹೇಳುತ್ತೇವೆ, ಮೊದಲನೆಯದೇ ಪ್ರಾಣಿಹಿಂಸೆ ಮಾಡುವುದಿಲ್ಲ ಅನ್ನುವುದು. ಹೇಳಿ ಮುಗಿಸಿ ಸೊಳ್ಳೆ ಹೊಡೆಯುತ್ತೇನೆ. ನೀನು ಒಂದು ಚಿಟಿಕೆ ಹುಳುವಿಗಾಗಿ ಊಟ ಬಿಟ್ಟೆ. ನಿನ್ನಂಥವರು ಊರಿಗೆ ನಾಲ್ಕು ಜನ ಇದ್ದರೆ ಸಾಕು.

ಆದರೂ ಗಂಜಿಗೆ ಹುಳು ಸಾಯುತ್ತದೆಯೇನೇ? ನಮ್ಮ ಹುಡುಗರು ಗಂಜಿ ಕುಡಿದೇ ದೊಡ್ಡವರಾಗಿದ್ದು.

ಅಮ್ಮನಿಂದ ಈ ವಾರ ಸುದ್ದಿ ಬರಲಿಲ್ಲ. ಹಳೇಬೀಡು ಬಸ್ಸಿನ ಕಂಡಕ್ಟರನ ಹತ್ತಿರ ಹುಣಸೇಹಣ್ಣು ಕಳಿಸುತ್ತೇನೆಂದಿದ್ದಳು, ಮರೆತಿರಬೇಕು. ಮೌನ ಮುಗಿದಿದ್ದರೆ ಅಪ್ಪನನ್ನು ಕೇಳಿ ತಿಳಿಸು.

ಯಶೋಧರಾ


ಬಸದಿಕೊಪ್ಪಲು
16-7-1996

ಯಶೋಧರಾ,

ಊರಿನಲ್ಲಿ ಸ್ವಲ್ಪ ವಾಂತಿಭೇದಿಯ ಗಾಳಿ ಬಂದಿದೆ. ನಿಮ್ಮಮ್ಮ ಗಿಡ್ಡಮ್ಮನವರನ್ನು ಹಾಸನದ ಆಸ್ಪತ್ರೆಯಲ್ಲಿ ಇಟ್ಟುಕೊಂಡಿದ್ದಾರೆ, ಡ್ರಿಪ್ ಹಾಕಿದ ಮೇಲೆ ಗುಣವಾಗುತ್ತಿದ್ದಾರಂತೆ. ಹೆದರುವಂಥದ್ದು ಏನೂ ಇಲ್ಲ. ನಿಮ್ಮಪ್ಪ ಪಂಚಾಯಿತಿ ಕೆಲಸದ ಮೇಲೆ ಬೇಲೂರಿಗೆ ಹೋಗಿದ್ದಾರೆಂದು ಕೇಳಿದೆ. ನೀನು ಯಾವ ಕಾರಣಕ್ಕೂ ಹೊರಟು ಬರಬೇಡ. ಡಾಕ್ಟರ್ ಹೇಳಿದ್ದನ್ನು ನೆನೆಸಿಕೊ.

ನಾವೆಲ್ಲ ಆರೋಗ್ಯ.

ರತ್ನಪ್ರಭಾ


ಬಾಣಾವರ
20-7-1996

ರತ್ನಪ್ರಭಾ,

ಪಂಚಾಯಿತಿ ಕೆಲಸ ಅಂದೆಯಲ್ಲ. ನಮ್ಮಪ್ಪನನ್ನು ಹದಿಮೂರನೇ ತಾರೀಖಿನಿಂದ ಪೊಲೀಸರು ಇಟ್ಟುಕೊಂಡಿದ್ದಾರೆ. ಬಾವಿಗೆ ವಿಷ ಹಾಕಿದ ಅಂತ. ನಮ್ಮ ಕಾಲೊನಿಯ ಚಲುವಮ್ಮನ ಮೂರು ವರ್ಷದ ಮಗು ಧನುಶ್ರೀ ಹನ್ನೊಂದರಂದೇ ತೀರಿಹೋಯಿತಂತೆ. ಇನ್ನೂ ಹದಿನಾರು ಜನ ಆಸ್ಪತ್ರೆಯಲ್ಲಿದ್ದಾರಂತೆ. ಇದನ್ನೆಲ್ಲ ನನಗೆ ಹೇಳಿದ್ದು ಹುಣಸೇಹಣ್ಣು ತರಬೇಕಾಗಿದ್ದ ಆ ಕಂಡಕ್ಟರ್.

ನೀನು ಮುಚ್ಚಿಟ್ಟಿದ್ದು ನನ್ನ ಹೊಟ್ಟೆಯಲ್ಲಿರುವುದಕ್ಕಾಗಿ ಎಂದು ಇವರು ಹೇಳುತ್ತಾರೆ. ಇರಬಹುದು. ನನಗೆ ಮಾತ್ರ ಬೇರೆ ಏನೋ ಅನ್ನಿಸುತ್ತಿದೆ. ಊರಿನವರೆಲ್ಲ ನಂಬಿದ ಹಾಗೆ ನೀನೂ ನಂಬಿಬಿಟ್ಟೆಯಾ? ಓದಲು ಬಾರದ ಹೊಲೇರ ಹುಚ್ಚಣ್ಣ ಯಾವುದೋ ಪುಡಿಯನ್ನು ಇನ್ಯಾವುದೋ ಅಂದುಕೊಂಡು ಸುರಿದ ಅಂತ? ನಿಮ್ಮ ಮನೆಯಲ್ಲಿ ಯಾರಿಗೂ ಏನೂ ಆಗಲಿಲ್ಲವಂತೆ. ಕಂಡಕ್ಟರ್ ಅದನ್ನೂ ಹೇಳಿದ. ನೀವೆಲ್ಲ ಆರೋಗ್ಯ ಎಂದು ನೀನೂ ಬರೆದಿದ್ದೀಯಲ್ಲ.

ರೇಗಬಾರದೆಂದು ಡಾಕ್ಟರಮ್ಮ ಹೇಳಿದ್ದಾರೆ, ಬಯ್ಯುವುದನ್ನು ಬಿಡುತ್ತೇನೆ. ಕೇಳಬೇಕಾದ್ದನ್ನು ಕೇಳುತ್ತೇನೆ. ಆ ಮಂಗಳವಾರ ಅಪ್ಪ ಪುಡಿ ಅಳೆಯುವುದನ್ನು ನೀನು ನೋಡಿದ್ದೀಯ. ಎಂದಿನ ಅಳತೆ, ಎಂದಿನ ವಾಸನೆ, ಇಷ್ಟನ್ನು ಬೇಲೂರಿನಲ್ಲಿ ಇವರು ಗೊತ್ತುಮಾಡಿರುವ ವಕೀಲರ ಮುಂದೆ ಹೇಳುತ್ತೀಯಾ? ನಿನ್ನ ಮಾತಿಗೆ ಬೆಲೆಯಿದೆ. ಚಂದ್ರಪ್ರಭಯ್ಯನವರ ಸೊಸೆ ಸುಳ್ಳು ಹೇಳುತ್ತಾಳೆಂದು ಯಾರೂ ಅನ್ನುವುದಿಲ್ಲ. ನಮ್ಮ ಕಾಲೊನಿಯ ಐವತ್ತು ಜನ ಹೇಳಿದರೂ ಅದು ಒಂದೇ ಜಾತಿಯವರ ಮಾತಾಗುತ್ತದೆ.



ಯಶೋಧರಾ


ಬಸದಿಕೊಪ್ಪಲು
24-7-1996

ಯಶೋಧರಾ,

ನಿಮ್ಮಪ್ಪ ಅಂಥವರಲ್ಲ ಎಂದು ನನಗೆ ಗೊತ್ತು, ಆದರೆ ಗೊತ್ತಿದ್ದ ಮಾತ್ರಕ್ಕೆ ಕೋರ್ಟಿನಲ್ಲಿ ಹೇಳುವುದಕ್ಕೆ ಆಗುತ್ತದೆಯೇ. ನಮ್ಮ ಮನೆಯ ಹೆಂಗಸರು ಯಾವತ್ತೂ ಅಂಥ ಕಡೆ ಹೋದವರಲ್ಲ. ನಾನು ದೂರದಲ್ಲಿದ್ದೆ. ಸರಿಯಾಗಿ ಏನನ್ನೂ ನೋಡಲಿಲ್ಲ. ಬೆಳಿಗ್ಗೆ ಕಣ್ಣಿಗೆ ಬಿಸಿಲು ಹೊಡೆಯುತ್ತದೆ. ತಿಳಿಯದ್ದನ್ನು ಹೇಳಿ ಒಬ್ಬರಿಗೆ ಒಳ್ಳೆಯದು ಮಾಡಲು ಹೋದರೆ ಇನ್ನೊಬ್ಬರಿಗೆ ಕೆಟ್ಟದ್ದಾಗುತ್ತದೆ ಎಂದು ಮಾವ ಹೇಳುತ್ತಾರೆ. ಅವರೂ ನಿದ್ದೆ ಮಾಡುತ್ತಿಲ್ಲ. ನೀರಿನ ಸ್ಯಾಂಪಲ್ ಪರೀಕ್ಷೆಗೆ ಹೋಗಿದೆ, ನಿಜ ತಾನಾಗಿಯೇ ಹೊರಗೆ ಬರುತ್ತದೆ ಎಂದೂ ಅನ್ನುತ್ತಾರೆ.

ನಾನು ಒಂಬತ್ತನೇ ತಾರೀಖು ಬರೆದ ಕಾಗದ ಇನ್ನೂ ಇದ್ದರೆ ಒಲೆಗೆ ಹಾಕಿಬಿಡು. ಅದರಲ್ಲಿ ಏನೂ ಇಲ್ಲ, ನಮ್ಮ ಮನೆಯ ವಿಷಯ ಅಷ್ಟೇ. ಬೇರೆಯವರ ಕೈಗೆ ಸಿಕ್ಕಿದರೆ ಚೆನ್ನಾಗಿರುವುದಿಲ್ಲ.

ಈ ಕಾಗದವನ್ನೂ ಇಟ್ಟುಕೊಳ್ಳಬೇಡ.

ರ.


ಬಾಣಾವರ
27-7-1996

ರತ್ನ,

ಸುಡು ಅಂದೆಯಲ್ಲ, ಅದಕ್ಕೇ ತೆಗೆದು ಓದಿದೆ. ನೀನು ಹಾಗೆ ಬರೆಯದಿದ್ದರೆ ಅದು ಟ್ರಂಕಿನ ತಳದಲ್ಲೇ ಇರುತ್ತಿತ್ತು.

ಮೂರು ಸಲ ಓದಿದೆ. ಮಂಗಳವಾರ ಬೆಳಿಗ್ಗೆ ನಿನ್ನ ಬಟ್ಟೆಯಲ್ಲಿ ಹುಳುಗಳು ಸತ್ತಿದ್ದವು. ನೀನು ಆ ನೀರು ಸೇದುವಾಗ ಅಪ್ಪ ಇನ್ನೂ ಚೀಲ ಬಿಚ್ಚಿ ಅಳೆಯುತ್ತಿದ್ದ. ಅಂದರೆ ಅವನು ಪುಡಿ ಹಾಕುವ ಮೊದಲೇ ನೀರು ಕೆಟ್ಟಿತ್ತು. ಸೋಮವಾರ ಮಧ್ಯಾಹ್ನ ಕಟ್ಟೆಯ ಮೇಲೆ ಮರಿಯಣ್ಣನ ಆಳುಗಳಿದ್ದರು. ನಿನ್ನ ಮಾವನ ಹೊಲವನ್ನೇ ಗುತ್ತಿಗೆಗೆ ಹಿಡಿದು ಆಲೂಗಡ್ಡೆ ಹಾಕಿರುವ ಮರಿಯಣ್ಣ. ಅರ್ಧ ಗಂಟೆ ಬೇಲಿಯ ಹಿಂದೆ ನಿಂತಿದ್ದೆ ಎಂದು ನೀನೇ ಬರೆದಿದ್ದೀಯ. ಬೇಲಿಯ ಹಿಂದೆ ನಿಂತವಳು ಅರ್ಧ ಗಂಟೆ ಏನು ನೋಡಿದೆ?

ಇದನ್ನು ತೆಗೆದುಕೊಂಡು ಹೋಗಿ ವಕೀಲರಿಗೆ ಕೊಡುತ್ತೇನೆಂದು ಇವರು ಎದ್ದು ನಿಂತರು. ಬೇಡ ಅಂದೆ. ನಿನಗೆ ಹೇಳದೆ ಕೊಟ್ಟರೆ ನಿನ್ನನ್ನು ಆ ಮನೆಯಲ್ಲಿ ಏನು ಮಾಡುತ್ತಾರೋ ಎಂದು ನನಗೂ ಭಯವಾಯಿತು. ಅಪ್ಪ ಲಾಕಪ್ಪಿನಲ್ಲಿರುವಾಗ ನಿನ್ನ ಬಗ್ಗೆ ಯೋಚಿಸುತ್ತಿದ್ದೇನೆ ನೋಡು, ನನ್ನ ಬುದ್ಧಿಗೆ ಏನು ಹೇಳಲಿ. ಆದರೆ ಸುಡುವುದೂ ಇಲ್ಲ.

ಮತ್ತೊಂದು ವಿಷಯ ನಿನಗೆ ಗೊತ್ತಿರಬೇಕು. ಇವರು ಮೊನ್ನೆ ಅಪ್ಪನನ್ನು ನೋಡಿ ಬಂದರು. ನೀನು ಮಾಡಿಲ್ಲ ಎಂದು ಹೇಳು ಮಾವ ಅಂದರೆ ಅವನು ಒಪ್ಪುತ್ತಿಲ್ಲವಂತೆ. "ಹೊಸಾ ಚೀಲದ ಪುಡಿ ಕಣಪ್ಪ, ಬಿಚ್ಚುವಾಗ್ಲೇ ನಂಗೆ ಒಂಥರಾ ಅನ್ನುಸ್ತು. ನನ್ ಕೈಯಾರೆ ಹಾಕಿದ್ದು. ನಾನೇ ಕೊಂದೆ ಅಂತ ಬರ್ಕೊಳಿ ಅಂದ್ಬುಟ್ಟಿವ್ನಿ" ಅಂದನಂತೆ. ಹೆಬ್ಬೆಟ್ಟು ಒತ್ತಿಯೂ ಆಗಿದೆ. ಹೊಡೆದಿಲ್ಲವಂತೆ. ಹೊಡೆಯುವ ಕೆಲಸವನ್ನೇ ಅವನು ಅವರಿಗೆ ಬಿಡಲಿಲ್ಲ. ಅನ್ನ ಮುಟ್ಟುತ್ತಿಲ್ಲ.

ನೀನು ನಿನ್ನ ಬಟ್ಟೆಯದೇ ತಪ್ಪು ಅಂದುಕೊಂಡು ಉಪವಾಸ ಕೂತೆ. ಅವನು ತನ್ನ ಪುಡಿಯದೇ ತಪ್ಪು ಅಂದುಕೊಂಡು ಉಪವಾಸ ಕೂತಿದ್ದಾನೆ. ಮಾಡಿದವನು ಮೂರು ಹೊತ್ತು ಉಂಡುಕೊಂಡು ಓಡಾಡುತ್ತಿರಬೇಕು.

ಬಾ ಎಂದು ಬೇಡಿಕೊಳ್ಳುವುದಿಲ್ಲ. ಸತ್ತ ಹುಳುವಿಗೆ ನಿನ್ನಿಂದ ಏನಾದರೂ ಸಲ್ಲಬೇಕು ಎಂದು ನಿನಗೆ ಯಾರೂ ಹೇಳಿಕೊಡಲಿಲ್ಲ, ನಿನಗೇ ಅನ್ನಿಸಿತು. ನಮ್ಮಪ್ಪ ಅದಕ್ಕಿಂತ ಕಡೆಯೇ ಎಂದು ಕೇಳಿಕೊ. ವಕೀಲರ ವಿಳಾಸ ಈ ಕಾಗದದ ಹಿಂದೆ ಬರೆದಿದ್ದೇನೆ.

ಯಶೋಧರಾ


ಹಳೇಬೀಡು
3-8-1996, ಶನಿವಾರ

ಯಶೋ,

ಇದನ್ನು ತವರುಮನೆಯಿಂದ ಬರೆಯುತ್ತಿದ್ದೇನೆ. ಮೊದಲು ನಿನಗೆ ಬೇಕಾದ್ದನ್ನು ಹೇಳುತ್ತೇನೆ. ಮೊನ್ನೆ ಗುರುವಾರ ನಾನು ಬೇಲೂರಿಗೆ ಹೋಗಿ ಎಲ್ಲವನ್ನೂ ಹೇಳಿದೆ, ಬರೆದುಕೊಂಡರು, ರುಜು ಹಾಕಿದೆ. ನಿಮ್ಮಪ್ಪನಿಗೆ ಸೋಮವಾರ ಜಾಮೀನು ಆಗುತ್ತದೆಂದು ವಕೀಲರು ಹೇಳಿದ್ದಾರೆ.

ಆ ಸೋಮವಾರ ಮರಿಯಣ್ಣನ ಆಳುಗಳು ಆಲೂಗಡ್ಡೆಗೆ ಹೊಡೆದ ಔಷಧದ ಡ್ರಮ್ಮುಗಳನ್ನು ಬಾವಿಕಟ್ಟೆಯ ಮೇಲೆ ತೊಳೆಯುತ್ತಿದ್ದರು. ಬೆಳ್ಳಗೆ ಮಜ್ಜಿಗೆಯಂಥ ನೀರು ಕಟ್ಟೆಯ ಬಿರುಕಿನಿಂದ ಒಳಗೆ ಇಳಿಯುತ್ತಿತ್ತು. ಒಂದು ತಗಡಿನ ಡಬ್ಬಿ ಕೈಜಾರಿ ಬಾವಿಗೆ ಬಿತ್ತು, ಅದರಲ್ಲಿ ಇನ್ನೂ ಔಷಧವಿತ್ತು. ಒಬ್ಬ ಇಳಿದು ತೆಗೆಯುತ್ತೇನೆಂದ. ಮರಿಯಣ್ಣ, "ಬಿಡ್ಲಾ ಅತ್ಲಾಗೆ, ಇಷ್ಟು ನೀರಿಗೆ ಅದೇನಾದಾತು" ಅಂದ. ನನಗೂ ಹಾಗೇ ಅನ್ನಿಸಿತು. ಅನ್ನಿಸದಿದ್ದರೂ ಗಂಡಸರಿಗೆ ಎದುರು ಮಾತಾಡುತ್ತಿದ್ದೆನೋ ಇಲ್ಲವೋ. ಮರುದಿನ ಬಟ್ಟೆ ನೋಡಿದಾಗ ಗಂಜಿ ನೆನಪಾಯಿತು, ಡಬ್ಬಿ ನೆನಪಾಗಲಿಲ್ಲ. ನಾನು ಕಲಿತದ್ದೇ ಹಾಗೆ, ಮೊದಲು ನನ್ನ ತಪ್ಪನ್ನೇ ಹುಡುಕುವುದು. ನನ್ನ ತಪ್ಪು ಸಿಕ್ಕಿದ ಮೇಲೆ ಬೇರೆಯದನ್ನು ಹುಡುಕಲೇ ಇಲ್ಲ.

ಹನ್ನೊಂದರ ಗುರುವಾರ ಕಾಲೊನಿಯ ಕಡೆಯಿಂದ ಅಳು ಕೇಳಿಸಿತು. ನಾನು ಮೌನದಲ್ಲಿದ್ದೆ. ಕಿಟಕಿಯ ಹತ್ತಿರ ಹೋದೆ, ಮತ್ತೆ ಬಂದು ಜಪಕ್ಕೆ ಕೂತೆ. ನಾವು ಬಸದಿಯ ಬಾವಿಯ ನೀರು ಕುಡಿಯುತ್ತಿದ್ದೆವು.

ಹದಿಮೂರರಂದು ನಿಮ್ಮಪ್ಪನನ್ನು ಜೀಪಿಗೆ ಹತ್ತಿಸುವುದನ್ನು ಕಂಡಾಗ ಡಬ್ಬಿ ನೆನಪಾಯಿತು. ಆ ಕ್ಷಣವೇ ಎಲ್ಲ ತಿಳಿಯಿತು ಯಶೋ. ಒಳಗೆ ಓಡಿ ಮಾವನಿಗೆ ಹೇಳಿದೆ. ಅವರು ಎದ್ದು ಬಾಗಿಲು ಹಾಕಿ ಬಂದು, "ನಮ್ಮ ಹೊಲದಾಗೆ ಹೊಡೆದ ಔಷಧ ಕಣಮ್ಮ. ಬಸದಿಲಿ ಪೂಜೆ ಮಾಡೋ ಕೈ ಇದು. ಹೊರಗೆ ಬಂದ್ರೆ ಯಾರಿಗೆ ಮುಖ ತೋರಿಸ್ಲಿ" ಅಂದರು. ಅವರು ಕೆಟ್ಟವರಲ್ಲ. ನನ್ನಷ್ಟೇ ಹೆದರಿದ್ದರು.

ನಾನು ನೋಡಿದ್ದು ಮಾವನಿಂದಲೇ ಗೊತ್ತಾಯಿತೋ ಏನೋ, ಆ ದಿನದಿಂದ ಮರಿಯಣ್ಣ ದಿನಾ ಸಂಜೆ ನಮ್ಮ ಜಗಲಿಗೆ ಬರಲು ಶುರು ಮಾಡಿದ. ಜೋರು ಮಾಡಲಿಲ್ಲ. ಎಲೆ ಅಡಿಕೆ ಹಾಕಿಕೊಂಡು, ಮಳೆ ಬೆಳೆ ಮಾತಾಡಿ, ಏಳುವಾಗ ಬಾಗಿಲ ಕಡೆ ತಿರುಗಿ, "ಅಮ್ಮಾವ್ರು ನೀರಿಗೆ ಒಬ್ರೇ ಹೋಯ್ತಾರಾ? ಕಟ್ಟೆ ಪಾಚಿ ಕಟ್ಟೈತೆ, ಹುಷಾರು ಅಂತ ಹೇಳಿ" ಅನ್ನುತ್ತಿದ್ದ. ಒಂದು ದಿನ ಹಾಗೆಂದ, ಮರುದಿನವೂ ಅದೇ ಮಾತು. ಬಿಂದಿಗೆ ಹಿಡಿದು ಬಸದಿಯ ಬಾವಿಯೊಳಗೆ ಬಗ್ಗುವ ಮುಂಚೆ ಹಿಂದೆ ಯಾರಾದರೂ ಇದ್ದಾರೋ ಎಂದು ತಿರುಗಿ ನೋಡುತ್ತಿದ್ದೆ. ಕಾಗದ ಸುಡು ಎಂದು ನಿನಗೆ ಬರೆದದ್ದು ಆಗಲೇ.

ನಿನ್ನ ಕೊನೆಯ ಕಾಗದವನ್ನು ಅಕ್ಕಿ ಡಬ್ಬದಲ್ಲಿ ಇಟ್ಟು ಎರಡು ದಿನ ಅದರ ಮೇಲಿನ ಅಕ್ಕಿಯನ್ನೇ ಬೇಯಿಸಿದೆ. ಮೂರನೇ ದಿನ ತವರಿಗೆ ಹೋಗಿ ಬರುತ್ತೇನೆಂದು ಸುಳ್ಳು ಹೇಳಿ ಬೇಲೂರು ಬಸ್ಸು ಹತ್ತಿದೆ. ಮರಿಯಣ್ಣನ ಕಡೆಯವರು ಯಾರಾದರೂ ಇದ್ದಾರೋ ಎಂದು ಬಸ್ಸಿನಲ್ಲಿ ಪ್ರತಿಯೊಬ್ಬರ ಮುಖ ನೋಡುತ್ತಿದ್ದೆ. ವಕೀಲರ ಮನೆಯ ಮೆಟ್ಟಿಲ ಮೇಲೆ ಎರಡು ಸಲ ಹತ್ತಿ ಇಳಿದೆ. ನಾನು ಧೈರ್ಯ ಮಾಡಿದೆ ಎಂದು ದಯವಿಟ್ಟು ಅಂದುಕೊಳ್ಳಬೇಡ. ಹೇಳದೆ ಬದುಕುವ ಭಯ ಹೇಳುವ ಭಯಕ್ಕಿಂತ ಒಂದು ಕೂದಲೆಳೆ ಹೆಚ್ಚಾಯಿತು, ಅಷ್ಟೇ.

ವಕೀಲರು ನನ್ನನ್ನು ಕೋರ್ಟಿಗೆ ಕರೆದುಕೊಂಡು ಹೋದರು, ಅಲ್ಲಿಗೆ ನಿಮ್ಮಪ್ಪನನ್ನೂ ಕರೆತಂದಿದ್ದರು. ಮೂಳೆ ಚಕ್ಕಳವಾಗಿದ್ದಾರೆ. ವರಾಂಡದಲ್ಲಿ ನಾನೇ ಹತ್ತಿರ ಹೋಗಿ, ಹುಚ್ಚಣ್ಣ, ಅದು ನಿಮ್ಮ ಪುಡಿಯಿಂದ ಆದದ್ದಲ್ಲ, ಮರಿಯಣ್ಣನ ಔಷಧದಿಂದ ಎಂದು ಹೇಳಿದೆ. ಅವರು ನನ್ನನ್ನೇ ನೋಡಿದರು. ಕೈಮುಗಿಯುತ್ತಾರೇನೋ ಅಂದುಕೊಂಡೆ. ನನಗೆ ಅದು ಬೇಕಾಗಿತ್ತು, ಸುಳ್ಳು ಯಾಕೆ ಹೇಳಲಿ. ಅವರು ಕೇಳಿದ್ದು ಬೇರೆ.

"ನಿಮ್ಗೆ ಯಾವಾಗ್ ಗೊತ್ತಾಯ್ತು ಅಮ್ಮಾವ್ರೆ?"

ನಿಮ್ಮನ್ನು ಹಿಡಿದುಕೊಂಡು ಹೋದ ದಿನವೇ ಅಂದೆ.

ಅವರು ಬೆರಳು ಮಡಚಿ ಎಣಿಸಿದರು. ಆಮೇಲೆ, "ಹತ್ತೊಂಬತ್ತು ದಿನ ಆ ಮಗೀನ ನಾನೇ ಕೊಂದೆ ಅಂದ್ಕಂಡಿದ್ದೆ. ಕಣ್ ಮುಚ್ಚಿದ್ರೆ ಬತ್ತಿತ್ತು. ಬಿಡ್ಸೋದೇನ್ ಬ್ಯಾಡಾಗಿತ್ತು, ಒಳಗೇ ಇರ್ತಿದ್ದೆ. ಯಾರ್ ಕೈಲಾದ್ರೂ ಒಂದ್ ಮಾತು ಹೇಳ್ಕಳ್ಸಿದ್ರೆ ಸಾಕಾಗಿತ್ತು" ಅಂದರು. ಕೋಪವಿರಲಿಲ್ಲ. ಪೊಲೀಸಿನವರು ಕರೆದರು, ಹೋದರು.

ನಿನ್ನೆ ಪೊಲೀಸರು ಬಾವಿಯಿಂದ ಡಬ್ಬಿ ತೆಗೆಸಿದರಂತೆ, ಮರಿಯಣ್ಣ ಊರು ಬಿಟ್ಟಿದ್ದಾನಂತೆ. ಮಾವ ಬಾಗಿಲು ಹಾಕಿಕೊಂಡು ಕೂತಿದ್ದಾರೆ. ನನ್ನ ಗಂಡ ಅರಿಹಂತ್ ಬಟ್ಟೆಯ ಗಂಟು ತಂದುಕೊಟ್ಟು, "ಸ್ವಲ್ಪ ದಿನ ಇಲ್ಲೇ ಇರು" ಎಂದು ಹೇಳಿ ಹೋದರು. ಸ್ವಲ್ಪ ದಿನ ಎಂದರೆ ಎಷ್ಟು ಎಂದು ಕೇಳಲು ನನಗೆ ಬಾಯಿ ಬರಲಿಲ್ಲ.

ಇನ್ನೂ ಒಂದನ್ನು ಯಾರಿಗೂ ಹೇಳಿಲ್ಲ, ಕೋರ್ಟಿನಲ್ಲಿ ಅವರು ಕೇಳಲೂ ಇಲ್ಲ. ಮಂಗಳವಾರ ಬೆಳಿಗ್ಗೆ ಆ ಬಟ್ಟೆ ಹಿಡಿದುಕೊಂಡು ಬೀದಿಯಲ್ಲಿ ನಿಂತು, ಈ ನೀರು ಕುಡಿಯಬೇಡಿ ಎಂದು ನಾನು ಒಂದು ಸಲ ಕೂಗಿದ್ದರೆ ಧನುಶ್ರೀ ಇರುತ್ತಿದ್ದಳು. ಇದು ಗೊತ್ತಿರುವುದು ನನಗೆ ಮತ್ತು ಆ ಕಾಗದ ಓದಿದ ನಿನಗೆ.

ಏನಾದರೂ ಬರೆ. ಬೈದಾದರೂ ಬರೆ.

ರತ್ನ


ಅರಸೀಕೆರೆ
14-8-1996, ಬುಧವಾರ

ರತ್ನ,

ಭಾನುವಾರ ಹೆಣ್ಣುಮಗು ಹುಟ್ಟಿತು. ಎರಡು ಕೆ.ಜಿ. ಇದೆ, ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ, ಉಳಿಯುತ್ತದೆ ಅನ್ನುತ್ತಾರೆ. ಅಪ್ಪ ಬಂದು ಗಾಜಿನ ಹೊರಗೆ ಕೂತಿದ್ದಾನೆ. ಅಮ್ಮ ಗುಣವಾಗಿದ್ದಾಳೆ, ಒಳಗೆ ಹೊರಗೆ ಓಡಾಡಿಕೊಂಡು ನರ್ಸುಗಳ ಹತ್ತಿರ ಜಗಳ ಮಾಡುತ್ತಾಳೆ. ಅಪ್ಪ ಮಾತಾಡುವುದು ಕಡಿಮೆ. ಊಟ ಮಾಡುತ್ತಿದ್ದಾನೆ.

ನಿನಗೆ ಏನು ಬರೆಯಲಿ ಎಂದು ಮೂರು ದಿನದಿಂದ ಯೋಚಿಸುತ್ತಿದ್ದೇನೆ. ನೀನು ಹೇಳದಿದ್ದರೆ ಅಪ್ಪ ಇಲ್ಲಿ ಕೂತಿರುತ್ತಿರಲಿಲ್ಲ. ಅದಕ್ಕೆ ನಾನು ಸಾಯುವವರೆಗೆ ನಿನ್ನ ಋಣದಲ್ಲಿರುತ್ತೇನೆ. ಆ ಹತ್ತೊಂಬತ್ತು ದಿನಕ್ಕೆ ನಿನ್ನ ಮೇಲೆ ಸಿಟ್ಟಿದೆ, ಅದೂ ಬೇಗ ಹೋಗುವಂತೆ ಕಾಣುವುದಿಲ್ಲ. ಎರಡನ್ನೂ ಇಟ್ಟುಕೊಂಡೇ ಬರೆಯುತ್ತಿದ್ದೇನೆ.

ಕೊನೆಗೆ ಬರೆದೆಯಲ್ಲ, ಕೂಗಿದ್ದರೆ ಇರುತ್ತಿದ್ದಳು ಎಂದು. ಅದಕ್ಕೆ ನನ್ನಿಂದ ಏನೋ ಸಮಾಧಾನ ಬರಲೆಂದು ಕಾಯುತ್ತಿದ್ದೀ ಎಂದು ಗೊತ್ತು. ನನ್ನ ಮಗು ಗಾಜಿನೊಳಗೆ ಉಸಿರಾಡುವುದನ್ನು ನೋಡಿಕೊಂಡು ಅದನ್ನು ಕೊಡುವುದಕ್ಕೆ ನನಗೆ ಆಗುವುದಿಲ್ಲ. ಅದನ್ನು ಕೊಡುವ ಹಕ್ಕೂ ನನ್ನದಲ್ಲ. ಅದನ್ನು ನೀನು ಚಲುವಮ್ಮನಿಗೆ ಹೇಳಬೇಕು. ಅವಳು ಬೈದರೆ ಬೈಸಿಕೊ, ಹೊಡೆದರೆ ಹೊಡೆಸಿಕೊ, ಬಾಗಿಲು ಹಾಕಿಕೊಂಡರೆ ಹೊರಗೆ ಕೂತುಕೊ. ನನಗೆ ಬರೆದ ಹಾಗೆ ಅವಳಿಗೂ ಬರೆದು ಕಳಿಸೋಣ ಅಂದುಕೊಳ್ಳಬೇಡ. ಅವಳಿಗೆ ಓದಲು ಬರುವುದಿಲ್ಲ. ಕಾಲೊನಿಯಲ್ಲಿ ಟ್ಯಾಂಕಿನ ಹಿಂದಿನ ಎರಡನೇ ಮನೆ. ನೀನೇ ಹೋಗಬೇಕು.

ಯಶೋಧರಾ